ನಳಿಗೆಯೊಳಗಿನ ಪಾವುಡ

ನಳಿಗೆಯೊಳಗೆ ಬೆಳಕಿರಲಿಲ್ಲ. ಏಲಕ್ಕಿ ಒಣಗಿಸುವ ಶೆಡ್ಡಿನ ಕಿಟಕಿಯ ಕಡೆಗೆ ರೈಫಲಿನ ಬಾಯಿ ತಿರುಗಿಸಿ, ಬೋಲ್ಟು ಕಳಚಿ, ಹಿಂಬದಿಯ ತೂತಿಗೆ ಕಣ್ಣಿಟ್ಟು ಗಂಗಣ್ಣ ನೋಡಿದ. ಕತ್ತಲೆ. ನಿನ್ನೆಯೂ ಕತ್ತಲೆಯೇ ಇತ್ತು, ಮೊನ್ನೆಯೂ ಇತ್ತು. ಆದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ ಇಲ್ಲಿಗೆ ಬಂದು, ರಾತ್ರಿಯೊಳಗೆ ಅದು ತಾನೇ ತಾನಾಗಿ ಕರಗಿಹೋಗಿರಬಹುದು ಎಂಬ ಆಸೆಯಿಂದ ಕಣ್ಣಿಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಬಟ್ಟೆ ಕರಗುವುದಿಲ್ಲವೆಂದು ತಿಳಿಯದಷ್ಟು ದಡ್ಡನೇನಲ್ಲ; ಸೋಮವಾರಪೇಟೆಯ ಮಂಡಿಯಲ್ಲಿ ಏಲಕ್ಕಿಯನ್ನು ಮೂಸಿ ನೋಡಿಯೇ ಯಾವ ತೋಟದ್ದೆಂದು ಹೇಳುವವನು. ಆದರೆ ಬುದ್ಧಿಯಿದ್ದವನಿಗೆ ಆಸೆ ಇರಬಾರದೆಂದು ಯಾರೂ ಹೇಳಿಲ್ಲ. ಇವತ್ತು ಕೈಲ್‌ಮುಹೂರ್ತ. ಕೊಡವರು ಕೋವಿಗಳಿಗೆ ಪೂಜೆ ಮಾಡುವ ದಿನ. ಗದ್ದೆಯಾಚೆಯ ಬೋಜಪ್ಪನವರ ಮನೆಯಲ್ಲಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈ ವರ್ಷ ಮೊದಲ ಗುಂಡು ಗಂಗಣ್ಣನದೇ ಆಗಬೇಕೆಂದು ಬೋಜಪ್ಪನವರು ಊರಿಗೆಲ್ಲ ಸಾರಿಬಿಟ್ಟಿದ್ದರು. ಆ ಗುಂಡು ಹೋಗಬೇಕಾದ ದಾರಿಯಲ್ಲಿ ಒಂದು ಬಟ್ಟೆ ಗಟ್ಟಿಯಾಗಿ ಸಿಕ್ಕಿಕೊಂಡು ಕೂತಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಕಿಟಕಿಯಾಚೆ, ಕೊಟ್ಟಿಗೆಯ ಹಿಂದಿನ ತಿಪ್ಪೆಯಲ್ಲಿ ಮನೆಗೆಲಸದ ಮುತ್ತಿ ಬಗ್ಗಿ ನಿಂತು ಕೋಲಿನಿಂದ ಗೊಬ್ಬರ ಕೆದಕುತ್ತಿದ್ದಳು. ಕೆದಕಿ, ಸಾಲದೆ ಬಂದಾಗ ಕೈಯನ್ನೇ ಹಾಕಿ, ಎಲೆ, ಕಸ, ಹರಿದ ಗೋಣಿಯ ಚೂರು ಎಲ್ಲವನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಹಾಕುತ್ತಿದ್ದಳು. ಅವಳು ಹುಡುಕುತ್ತಿರುವುದು ಅಲ್ಲಿಲ್ಲ. ಇಲ್ಲಿದೆ, ತನ್ನ ತೊಡೆಯ ಮೇಲೆ, ಒಳ್ಳೆ ಇಂಗ್ಲೀಷು ಉಕ್ಕಿನೊಳಗೆ. ಗಂಗಣ್ಣ ಕಿಟಕಿಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೆ ಹಾಲಿನ ರುಚಿಯಾದರೂ ಸಿಗುತ್ತದೆ. ತನಗೆ ಸಿಕ್ಕಿದ್ದು ಸೀಮೆಎಣ್ಣೆಯ ವಾಸನೆ ಮಾತ್ರ ಎಂದುಕೊಂಡ.

ಈ ರೈಫಲ್ಲು ಮೊದಲು ಒಬ್ಬ ದೊರೆಯದಾಗಿತ್ತು. ದೊರೆ ಎಸ್ಟೇಟು ಮಾರಿ ಹಡಗು ಹತ್ತುವಾಗ ಇದನ್ನು ಗಂಗಣ್ಣನಿಗೆ ಕೊಟ್ಟು ಹೋಗಿದ್ದ. ನಳಿಗೆ ಸವೆದುಹೋಗಿದೆ, ಹೊಸದು ಹಾಕಿಸಬೇಕು ಎಂದ ಮೈಸೂರಿನ ಕೋವಿ ರಿಪೇರಿಯ ಸಾಬರು, ಹಾಕಿಕೊಟ್ಟ ಮೇಲೆ ಕೋವಿಯನ್ನು ಕೈಯಲ್ಲಿ ಹಿಡಿದು ಬುದ್ಧಿ ಹೇಳಿದ್ದರು. "ಹೊಸ ನಳಿಗೆ ಅಂದ್ರೆ ಹೊಸ ಹೋರಿ ಇದ್ದಂಗೆ ಸ್ವಾಮಿ. ಪಳಗಿಸ್ಬೇಕು. ಒಂದು ಗುಂಡು ಹೊಡೀರಿ, ತೊಳೀರಿ. ಇನ್ನೊಂದು ಹೊಡೀರಿ, ತೊಳೀರಿ. ಅವಸರ ಮಾಡ್ಬೇಡಿ. ಒಳಗೆ ಏನೂ ಉಳೀಬಾರ್ದು. ಒಂದು ಕಡಜದ ಗೂಡು ಉಳಿದ್ರೂ ನಳಿಗೆ ಬಾಳೆಹಣ್ಣಿನ ಸಿಪ್ಪೆ ಥರ ಸೀಳ್ಕೊಳ್ತದೆ. ಕೈನೂ ಹೋಗ್ತದೆ, ಕಣ್ಣೂ ಹೋಗ್ತದೆ." ಗಂಗಣ್ಣ ಆ ಮಾತನ್ನು ಗುರುವಿನ ಮಾತಿನ ಹಾಗೆ ಹಿಡಿದುಕೊಂಡ. ತೋಟದ ಮೂಲೆಯ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹೊಡೆಯುವುದು, ಕಿವಿಯ ಗುಂಯ್ ಸದ್ದು ನಿಲ್ಲುವ ತನಕ ಕಣ್ಣು ಮುಚ್ಚಿಕೊಂಡು ನಿಲ್ಲುವುದು, ಆಮೇಲೆ ಇಡೀ ಮಧ್ಯಾಹ್ನ ಶೆಡ್ಡಿನಲ್ಲಿ ಕೂತು ತೊಳೆಯುವುದು. ಮೊದಲು ಕುದಿಯುವ ನೀರು ಹೊಯ್ಯಬೇಕು. ತೋಟಾದ ಮದ್ದಿನ ಉಪ್ಪು ಹೋಗದಿದ್ದರೆ ತುಕ್ಕು ಹಿಡಿಯುತ್ತದೆ. ಆಮೇಲೆ ಸೀಮೆಎಣ್ಣೆ, ಆಮೇಲೆ ಹಿತ್ತಾಳೆ ಕಡ್ಡಿಯ ತುದಿಗೆ ಬಟ್ಟೆಯ ಚೂರು, ಕೊನೆಗೆ ಕೋವಿಯೆಣ್ಣೆ. ಹೊಡೆಯುವುದಕ್ಕಿಂತ ತೊಳೆಯುವುದೇ ಅವನಿಗೆ ಹಿಡಿಸಿತು. ನಿಜ ಹೇಳಬೇಕೆಂದರೆ ಹೊಡೆಯುವುದು ಹಿಡಿಸಲೇ ಇಲ್ಲ. ಲೈಸೆನ್ಸು ಸಿಕ್ಕಿದ್ದು ಕಾಡುಹಂದಿಯಿಂದ ಬೆಳೆ ಕಾಯಲಿಕ್ಕೆ. ಆದರೆ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವನಿಗೆ ಹಂದಿಯ ಮೈಯಿಂದ ರಕ್ತ ಬರುವುದನ್ನು ನೆನೆದರೇ ಊಟದ ಎಲೆಯ ಮುಂದಿನಿಂದ ಏಳುವಂತಾಗುತ್ತಿತ್ತು. ಹಾಗಾದರೆ ಕೋವಿ ಯಾಕೆ ಬೇಕಿತ್ತು? ಬೋಜಪ್ಪನವರ ಜಗಲಿಯಲ್ಲಿ ಬೇಟೆಯ ಮಾತಿಗೆ ಕೂತಾಗಲೆಲ್ಲ ಗಂಗಣ್ಣನ ಕೈಗೆ ಯಾರಾದರೂ ಲಾಟೀನು ಕೊಡುತ್ತಿದ್ದರು. "ಸ್ವಲ್ಪ ಹಿಡ್ಕೊಳ್ಳಿ ಗಂಗಣ್ಣ." ಅಷ್ಟೆ. ಅದೊಂದು ಲಾಟೀನಿನ ಅವಮಾನಕ್ಕೆ ಅವನು ಒಂದು ರೈಫಲ್ಲನ್ನೇ ಮನೆಗೆ ತಂದುಕೊಂಡಿದ್ದ. ತಂದ ಮೇಲೆ ಬೇಟೆಗೆ ಕರೆದಾಗಲೆಲ್ಲ, "ಇನ್ನೂ ನಳಿಗೆ ಪಳಗಿಸ್ತಾ ಇದೀನಿ" ಎಂದ. ಮಳೆಗಾಲ ಬಂತು, ನಳಿಗೆ ಪಳಗಲಿಲ್ಲ. ಬೇಸಿಗೆ ಕಳೆದು ಮತ್ತೆ ಮಳೆಗಾಲ ಬಂತು. ಕೊಡಗು ಅನ್ನುವ ರಾಜ್ಯವೇ ಮೈಸೂರಿಗೆ ಸೇರಿಹೋಗುವ ಕಾಲ ಬಂದರೂ ಗಂಗಣ್ಣನ ನಳಿಗೆ ಮಾತ್ರ ಪಳಗುತ್ತಲೇ ಇತ್ತು. ಸಂತೆಯಲ್ಲಿ ಹಿಂದಿನಿಂದ ಅವನನ್ನು ನಳಿಗೆ ಗಂಗಣ್ಣ ಎನ್ನುತ್ತಿದ್ದರು. ಅವನಿಗೆ ಅದು ಗೊತ್ತಿತ್ತು, ಮತ್ತು ಅದರಲ್ಲಿ ಕೋವಿಯ ವಾಸನೆಯಾದರೂ ಇದೆಯಲ್ಲ ಎಂದು ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

ತೊಳೆದಾದ ಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡುವ ಹೊತ್ತು ಒಂದಿತ್ತಲ್ಲ, ಅದಕ್ಕಾಗಿ ಅವನು ಏನನ್ನು ಬೇಕಾದರೂ ಬಿಡಲು ಸಿದ್ಧನಿದ್ದ. ಒಳಗೆ ಕೊರೆದ ಗೆರೆಗಳು ಸುತ್ತಿಕೊಂಡು ಸುತ್ತಿಕೊಂಡು ಹೋಗಿ, ಕೊನೆಯಲ್ಲಿ ಏಲಕ್ಕಿ ಕಾಳಿನಷ್ಟು ಬೆಳಕು. ಉಸಿರು ತಾನಾಗಿ ನಿಧಾನವಾಗುತ್ತಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯ ಮೇಲೆ ಇಷ್ಟಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟಾಗ ಇದು ಆಗಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಅಲ್ಲಿ ಕೂತಾಗ ಅವನಿಗೆ ಏಲಕ್ಕಿಯ ಧಾರಣೆ ನೆನಪಾಗುತ್ತಿತ್ತು, ಬಚ್ಚಲ ಹಂಡೆ ಸೋರುವುದು ನೆನಪಾಗುತ್ತಿತ್ತು, ಒಮ್ಮೊಮ್ಮೆ ರೈಫಲ್ಲೂ ನೆನಪಾಗುತ್ತಿತ್ತು. ಶಿವಯೋಗ ಅವನಿಗೆ ಒದಗಿದ್ದು ಶೆಡ್ಡಿನಲ್ಲಿ, ಸೀಮೆಎಣ್ಣೆ ಡಬ್ಬದ ಪಕ್ಕದಲ್ಲಿ. ಇದನ್ನು ಮಠದ ಸ್ವಾಮಿಗಳಿಗೆ ಹೇಳಿದರೆ ಏನನ್ನುತ್ತಾರೋ ಎಂದು ಯೋಚಿಸಿ ಒಬ್ಬನೇ ನಕ್ಕಿದ್ದ. ಆ ನಗುವಿನ ಸಲಿಗೆಯೇ ಈಗ ಮುಳುವಾಯಿತು; ಲಿಂಗದ ಮಡಿಯೂ ಕೋವಿಯ ಮಡಿಯೂ ಅವನಿಗೆ ಒಂದೇ ಆಗಿಬಿಟ್ಟಿತ್ತು.

ಬಟ್ಟೆ ಮೆತ್ತಗಿರಬೇಕು, ಹಳೆಯದಾಗಿರಬೇಕು, ಗಂಜಿಯಾಗಲಿ ಮಣ್ಣಾಗಲಿ ಸೋಕಿರಬಾರದು ಎಂದಿದ್ದರು ಸಾಬರು. ಮನೆಯಲ್ಲಿದ್ದದ್ದೆಲ್ಲ ಮಿಲ್ಲಿನ ದಪ್ಪ ಬಟ್ಟೆ. ಹೆಂಡತಿ ವಿಶಾಲಾಕ್ಷಮ್ಮ ಹಳೆ ಸೀರೆಗಳನ್ನು ಕೌದಿಗೆಂದು ಕಟ್ಟಿಟ್ಟು, ಒಂದು ಚೂರು ಕೇಳಿದರೂ "ಕೋವಿಗೆ ಸೀರೆ ಉಡಿಸ್ತೀರಾ" ಎನ್ನುವ ಹೆಂಗಸು. ಆ ಮಧ್ಯಾಹ್ನ ಹಿತ್ತಲಲ್ಲಿ ಮಡಿ ಬಟ್ಟೆಗಳ ಜೊತೆ ಒಂದು ಪಾವುಡ ಒಣಗುತ್ತಿತ್ತು. ಲಿಂಗಕ್ಕೆ ಸುತ್ತುವ ಬಟ್ಟೆ. ಅಪ್ಪನಿಗೆ ಮಠದಲ್ಲಿ ಕೊಟ್ಟದ್ದು, ಅಪ್ಪ ಹೋದ ಮೇಲೆ ಇವನಿಗೆ ಬಂದದ್ದು, ಒಗೆದು ಒಗೆದು ಕೆನೆಯಷ್ಟು ಮೆತ್ತಗಾದದ್ದು. ಇದಕ್ಕಿಂತ ಶುದ್ಧವಾದ ಬಟ್ಟೆ ಭೂಮಿಯ ಮೇಲೆ ಎಲ್ಲಿದೆ ಎನ್ನಿಸಿತು ಗಂಗಣ್ಣನಿಗೆ. ಒಂದು ಸಲ ಒರೆಸಿ, ಸೋಪು ಹಾಕಿ ಒಗೆದು, ಮತ್ತೆ ಹಗ್ಗದ ಮೇಲೆ ಹಾಕಿಬಿಡುವುದು. ಶೆಡ್ಡಿನಲ್ಲಿ ಕೂತು ಹರಿಯಲು ಎರಡು ತುದಿ ಹಿಡಿದಾಗ ಕೈ ಬರಲಿಲ್ಲ. ಲಿಂಗದ ಬಟ್ಟೆ ಹರಿಯುವುದುಂಟೆ, ಪಾಪ ಬರುತ್ತದೆ. ಹಾಗೆಂದು ಭಕ್ತಿಯಿಂದ ಮಡಿಚಿ, ಮತ್ತೆ ಮಡಿಚಿ, ಇಡೀ ಪಾವುಡವನ್ನೇ ನಳಿಗೆಯ ಹಿಂಬದಿಯಿಂದ ತುರುಕಿ ಕಡ್ಡಿಯಿಂದ ನೂಕಿದ. ಅರ್ಧ ದಾರಿ ಹೋಗಿ ನಿಂತಿತು. ಇನ್ನೂ ನೂಕಿದ. ಕಡ್ಡಿ ಬಳುಕಿತು. ಹಿಂದಕ್ಕೆಳೆದಾಗ ಕಡ್ಡಿಯೊಂದೇ ಬಂತು.

ಆ ದಿನದಿಂದ ಅವನು ಮಾಡದ ಉಪಾಯವಿಲ್ಲ. ಕುದಿನೀರು ಹೊಯ್ದ, ಎಣ್ಣೆ ಹೊಯ್ದ, ಹಳೆ ಕೊಡೆಯ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ಕೆದಕಿದ. ಗೆದ್ದಲು ಬಿಟ್ಟರೆ ತಿಂದೀತೇ ಎಂದೂ ಒಂದು ಸಲ ಯೋಚಿಸಿದ. ಪ್ರತಿ ಸಲವೂ ಕೊನೆಗೆ ಮೊದಲಿನ ದಿಕ್ಕಿನಲ್ಲೇ ಇನ್ನೊಂದಿಷ್ಟು ಬಲವಾಗಿ ನೂಕಿ, ಅದನ್ನು ಇನ್ನೊಂದಿಷ್ಟು ಬಿಗಿ ಮಾಡಿ ಎದ್ದುಬರುತ್ತಿದ್ದ. ಮೊದಲನೆಯ ಸಂಜೆಯೇ ವಿಶಾಲಾಕ್ಷಮ್ಮ ಬಟ್ಟೆ ಎತ್ತಿಡುವಾಗ ಕೇಳಿದ್ದಳು. "ಏನಂದ್ರೆ, ಮಾವನೋರ ಪಾವುಡ ನೋಡಿದ್ರಾ? ಹಗ್ಗದ ಮೇಲೇ ಹಾಕಿದ್ದೆ." ಆಗ ಹೇಳಿದ್ದರೆ ಒಂದು ರಾತ್ರಿಯ ಬೈಗುಳದಲ್ಲಿ ಮುಗಿಯುತ್ತಿತ್ತು. "ಗಾಳಿಗೆ ಬಿದ್ದಿರಬೇಕು" ಎಂದ ಗಂಗಣ್ಣ. ಸುಳ್ಳೆಂದರೆ ಸುಳ್ಳೂ ಅಲ್ಲ, ಬರೀ ಊಹೆ. ಆದರೆ ಗಾಳಿಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಹಿತ್ತಲು ಗುಡಿಸುವವಳು ಕೂಲಿ ಲೈನಿನ ಮುತ್ತಿ. ಗುಡಿಸಿದ್ದು ಹೋಗುವುದು ತಿಪ್ಪೆಗೆ. ಅವನ ಒಂದು ಊಹೆ ವಿಶಾಲಾಕ್ಷಮ್ಮನ ಮನಸ್ಸಿನಲ್ಲಿ ಮಾರನೆಯ ಬೆಳಿಗ್ಗೆಗೆ ಸತ್ಯವಾಗಿ ಬೆಳೆದಿತ್ತು.

"ದೇವರ ಬಟ್ಟೆ ಕಣೇ ಅದು. ಕಸ ಯಾವ್ದು ಬಟ್ಟೆ ಯಾವ್ದು ಅಂತ ಕಣ್ಣು ಬಿಟ್ಟು ನೋಡಕ್ಕಾಗಲ್ವಾ ನಿಂಗೆ?"

"ನಾ ಕಾಣ್ಲಿಲ್ಲ ಅವ್ವಾ. ಇದ್ರೆ ತಿಪ್ಪೇಲೇ ಇರ್ತದೆ. ಹುಡುಕಿ ಕೊಡ್ತೀನಿ."

ಅವತ್ತಿನಿಂದ ಮುತ್ತಿ ಕೆಲಸಕ್ಕೆ ಮುಂಚೆ ಒಂದಿಷ್ಟು ಹೊತ್ತು, ಕೆಲಸವಾದ ಮೇಲೆ ಒಂದಿಷ್ಟು ಹೊತ್ತು ತಿಪ್ಪೆ ಕೆದಕುತ್ತಿದ್ದಳು. ಗಂಗಣ್ಣ ಶೆಡ್ಡಿನ ಕಿಟಕಿಯಿಂದ ನೋಡುತ್ತಿದ್ದ. ನಿನ್ನೆ ವಿಶಾಲಾಕ್ಷಮ್ಮ ಅವಳಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು: "ಹಬ್ಬ ಒಂದು ಕಳೀಲಿ. ಆಮೇಲೆ ಮನೆ ಕೆಲಸಕ್ಕೆ ನಾನು ಬೇರೆಯವ್ರನ್ನ ನೋಡ್ಕೋತೀನಿ." ಬಟ್ಟೆ ಹೊರಗೆ ಬಂದರೆ ತಿಪ್ಪೆಯ ಪಕ್ಕ ಎಸೆದು ಬರುವುದು, ಅವಳಿಗೇ ಸಿಗುವ ಹಾಗೆ ಮಾಡುವುದು ಎಂದು ಅವನು ಲೆಕ್ಕ ಹಾಕಿದ್ದ. ಅದರಲ್ಲಿ ಅವಳಿಗೂ ಒಳ್ಳೆಯ ಹೆಸರು ಬರುತ್ತದೆ. ತನ್ನ ಈ ದೊಡ್ಡತನವನ್ನು ನೆನೆದು ಅವನಿಗೆ ಕಣ್ಣು ಒದ್ದೆಯಾದದ್ದೂ ಉಂಟು.

"ಎಂತ ಗಂಗಣ್ಣ, ಇನ್ನೂ ತೊಳೀತಾ ಇದ್ದೀರಾ?" ಬೋಜಪ್ಪನವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮಿಲಿಟರಿಯಲ್ಲಿ ಸುಬೇದಾರರಾಗಿದ್ದ ಮನುಷ್ಯ. ಮೊಣಕಾಲಿಗೆ ಇಳಿಯುವ ಕಪ್ಪು ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ತಾವೇ ಕರೆಯಲು ಬಂದಿದ್ದರು. ಗಂಗಣ್ಣ ಬೋಲ್ಟನ್ನು ಗಡಬಡಿಸಿ ಹಾಕಿದ.

"ಸುಬೇದಾರ್ರೆ, ನಾನು ಹೇಳೋಣ ಅಂತಿದ್ದೆ. ನಳಿಗೆ ಇನ್ನೂ ಪೂರ್ತಿ ಪಳಗಿಲ್ಲ..."

"ನಮ್ಮ ರಾಜ್ಯ ಇರೋದೇ ಇನ್ನೆರಡು ತಿಂಗಳು ಮಾರಾಯ್ರೆ. ಅಷ್ಟರೊಳಗೆ ಒಂದು ತೆಂಗಿನಕಾಯಿಯಾದ್ರೂ ಹೊಡೀರಿ." ಅವರು ನಕ್ಕು, ಬಾಗಿ, ರೈಫಲ್ಲನ್ನು ಎತ್ತಿ ತಮ್ಮ ಹೆಗಲಿಗೇ ಹಾಕಿಕೊಂಡರು. "ಮೇಲೆ ನೋಡಿದ್ರೆ ಕನ್ನಡಿ ಥರ ಇದೆ. ಕೋವಿ ಹೀಗೆ ಇಟ್ಕೊಂಡವರನ್ನ ನಾನು ರೆಜಿಮೆಂಟಲ್ಲೂ ಕಾಣ್ಲಿಲ್ಲ." ಆ ಹೊಗಳಿಕೆ ಗಂಗಣ್ಣನಿಗೆ ಬಾಯಲ್ಲಿನ ಬಿಸಿ ತುಪ್ಪವಾಯಿತು. ಎಲ್ಲವನ್ನೂ ಹೇಳಿಬಿಡಲು ಗದ್ದೆಯ ಬದುವಿನ ಉದ್ದಕ್ಕೂ ಸಮಯವಿತ್ತು. ಮುಂದೆ ಬೋಜಪ್ಪನವರು, ಅವರ ಹಿಂದೆ ಅವನು, ಹಿಂದೆ ವಿಶಾಲಾಕ್ಷಮ್ಮ, ಎಲ್ಲರಿಗಿಂತ ಹಿಂದೆ ಬಾಳೆಹಣ್ಣಿನ ಬುಟ್ಟಿ ಹೊತ್ತ ಮುತ್ತಿ. ಮುಂದಿನ ಹಲಸಿನ ಮರ ಬಂದಾಗ ಹೇಳುತ್ತೇನೆ ಎಂದುಕೊಂಡ. ಮರ ಬಂತು, ಹೋಯಿತು. ತೋಡು ದಾಟಿದ ಮೇಲೆ ಎಂದುಕೊಂಡ. ತೋಡಿನಲ್ಲಿ ಕಾಲು ಜಾರಿ ಒಂದು ಚಪ್ಪಲಿ ಒದ್ದೆಯಾಯಿತು, ಅದನ್ನು ಝಾಡಿಸುವುದರಲ್ಲಿ ಬೋಜಪ್ಪನವರ ಮನೆಯೇ ಬಂದುಬಿಟ್ಟಿತು.

ನಡುಮನೆಯ ತೂಗುದೀಪದ ಕೆಳಗೆ ಕೋವಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಬೋಜಪ್ಪನವರು ಗಂಗಣ್ಣನದನ್ನೂ ಅದೇ ಸಾಲಿನಲ್ಲಿ, ತಮ್ಮ ಅಜ್ಜನ ಕಾಲದ ಉದ್ದ ಕೋವಿಯ ಪಕ್ಕದಲ್ಲೇ ನಿಲ್ಲಿಸಿದರು. ಬೇರೆ ಯಾವ ದಿನವಾದರೂ ಗಂಗಣ್ಣ ಇದನ್ನು ನೋಡಿ ಜನ್ಮ ಸಾರ್ಥಕವಾಯಿತು ಎನ್ನುತ್ತಿದ್ದ. ಮನೆಯ ಹೆಂಗಸರು ಒಂದೊಂದು ನಳಿಗೆಯ ಬಾಯಿಗೂ ಕೆಂಪು ಹಳದಿಯ ಕೋವಿ ಹೂ ಸಿಕ್ಕಿಸುತ್ತಾ ಬಂದರು. ಅವನ ರೈಫಲಿನ ಬಾಯಿಗೂ ಸಿಕ್ಕಿಸಿದರು. ಮೇಲೆ ಅವರ ಹೂ, ಒಳಗೆ ನಮ್ಮ ಪಾವುಡ; ಸರ್ವಧರ್ಮ ಸಮನ್ವಯ ಒಂದು ನಳಿಗೆಯಲ್ಲಿ ಇಷ್ಟು ಚೆನ್ನಾಗಿ ಇನ್ನೆಲ್ಲೂ ಆಗಿರಲಾರದು ಎಂದು ಅವನ ಮನಸ್ಸು ಆ ಹೊತ್ತಿನಲ್ಲೂ ತಮಾಷೆ ಮಾಡಿತು. ತನ್ನ ಮನಸ್ಸಿನ ಈ ಚಾಳಿ ಕಂಡರೆ ಅವನಿಗೆ ಅಸಹ್ಯ. ಹಿಂದಿನ ಅಡಿಗೆಕೋಣೆಯಿಂದ ಹಂದಿಮಾಂಸ ಬೇಯುವ ವಾಸನೆ ಬರುತ್ತಿತ್ತು. "ನಿಮಗೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದೇವೆ, ಯೋಚನೆ ಮಾಡ್ಬೇಡಿ" ಎಂದು ಬೋಜಪ್ಪನವರು ವಿಶಾಲಾಕ್ಷಮ್ಮನಿಗೆ ಹೇಳುವುದು ಕೇಳಿಸಿತು. ಇಷ್ಟು ಮರ್ಯಾದೆಯ ಜನರ ಮುಂದೆ ಬಾಯಿ ಬಿಡುವುದು ಹೇಗೆ ಎಂದು ಯೋಚಿಸಿದ. ಬಿಡದಿರುವುದು ಹೇಗೆ ಎಂದು ಯೋಚಿಸಲಿಲ್ಲ.

ಅಂಗಳದ ಕೊನೆಯ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿದ್ದರು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಬೋಜಪ್ಪನವರು ಹೂ ತೆಗೆದು, ರೈಫಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಗಂಗಣ್ಣನಿಗೆ ಕೊಟ್ಟರು. ಯಾರೋ ಹಿಂದಿನಿಂದ, "ನಳಿಗೆ ಪಳಗಿತಾ?" ಎಂದರು, ಒಂದಿಷ್ಟು ನಗು ಎದ್ದು ಅಡಗಿತು. ಗಂಗಣ್ಣ ತೋಟಾ ಹಾಕಲಿಲ್ಲ. ಬರೀ ಹೆಗಲಿಗೆ ಆನಿಸಿ ಗುರಿ ನೋಡಿದ, ಇಳಿಸಿದ, ಕಣ್ಣೊರೆಸಿಕೊಂಡ. "ಕಣ್ಣಿಗೆ ಏನೋ ಬಿತ್ತು" ಎಂದ. ಮತ್ತೆ ಆನಿಸಿ, "ಹೆಗಲು ಉಳುಕಿದೆ ಸುಬೇದಾರ್ರೆ, ನಿನ್ನೆಯಿಂದ" ಎಂದ. ಎರಡು ನೆಪ ಒಟ್ಟಿಗೆ ಹೇಳಬಾರದಿತ್ತು, ಒಂದೇ ಸಾಕಿತ್ತು. ಈ ಸಲದ ನಗು ಅಡಗಲಿಲ್ಲ. ಬೋಜಪ್ಪನವರೊಬ್ಬರೇ ನಗಲಿಲ್ಲ. ನೆರೆಯವನ ಮರ್ಯಾದೆ ಉಳಿಸಲೆಂದೇ, "ಹೆಗಲು ನೋವಲ್ಲಿ ಹೊಡೀಬಾರ್ದು, ಸರಿ. ಪೊನ್ನಪ್ಪ, ಗಂಗಣ್ಣನ ಹೆಸರಲ್ಲಿ ನೀನು ಹೊಡಿ" ಎಂದು ತಮ್ಮನನ್ನು ಕರೆದರು. ರಜೆಯ ಮೇಲೆ ಬಂದಿದ್ದ ಸಿಪಾಯಿ ಪೊನ್ನಪ್ಪ ಮುಂದೆ ಬಂದು, "ಕೊಡಿ ಗಂಗಣ್ಣ" ಎಂದು ತೆಗೆದುಕೊಂಡ. ಗಂಗಣ್ಣನ ಕೈ ಕೊಟ್ಟುಬಿಟ್ಟಿತು. ಮೊದಲು ಮನಸ್ಸು ಹಗುರವಾಯಿತು, ಅದಕ್ಕಾಗಿಯೇ ಆಮೇಲೆ ಅವನಿಗೆ ತನ್ನನ್ನು ಕ್ಷಮಿಸಿಕೊಳ್ಳಲಾಗಲಿಲ್ಲ. ಪೀಡೆ ಕೈಯಿಂದ ಹೋಯಿತಲ್ಲ ಎಂದು ಒಂದು ಉಸಿರಿನಷ್ಟು ಹೊತ್ತು ನಿಜವಾಗಿಯೂ ಸುಖವೆನಿಸಿತ್ತು.

ಪೊನ್ನಪ್ಪ ತೋಟಾ ಹಾಕಿ ಬೋಲ್ಟು ಮುಂದೂಡಿದ. ಏನೂ ಆಗಲಿಕ್ಕಿಲ್ಲ ಎಂದುಕೊಂಡ ಗಂಗಣ್ಣ. ಗುಂಡಿನ ಮುಂದೆ ಬಟ್ಟೆ ಯಾವ ಲೆಕ್ಕ, ನೂಕಿಕೊಂಡು ಹೋಗಿಬಿಡುತ್ತದೆ. ಹೊಗೆಯಲ್ಲಿ ಯಾರಿಗೂ ಕಾಣುವುದೂ ಇಲ್ಲ. ಸಾಬರು ವ್ಯಾಪಾರದವರು, ಹೆದರಿಸಲಿಕ್ಕೆ ಹೇಳಿದ್ದಿರಬೇಕು. ಪೊನ್ನಪ್ಪ ಕೆನ್ನೆಯನ್ನು ಹಿಡಿಗೆ ಒತ್ತಿದ. ಬೆಳಿಗ್ಗೆ ತಾನೆ ಕ್ಷೌರ ಮಾಡಿದ ಕೆನ್ನೆ, ಕಿವಿಯ ಹತ್ತಿರ ಸೋಪಿನ ಬಿಳಿ ಒಣಗಿತ್ತು. ಆ ಬಿಳಿ ಚುಕ್ಕೆಯನ್ನು ಕಂಡದ್ದೇ ಗಂಗಣ್ಣನಿಗೆ ತಡೆಯಲಾಗದೆ ಹೋಯಿತು. ಕೂಗಬೇಕೆಂದು ಬಾಯಿ ತೆರೆದ, ನಾಲಗೆ ಬರಲಿಲ್ಲ. ಇಷ್ಟು ದಿನ ಸುಮ್ಮನಿದ್ದ ನಾಲಗೆಗೆ ಸುಮ್ಮನಿರುವುದೇ ಅಭ್ಯಾಸವಾಗಿತ್ತು. ಕಾಲು ಓಡಿತು. ಅವನು ಬದಿಯಿಂದ ನುಗ್ಗಿ, ಎಗರಿ, ಎಡಗೈಯ ಅಂಗೈಯನ್ನು ನಳಿಗೆಯ ಬಾಯಿಗೆ ಮುಚ್ಚಿ ಹಿಡಿದುಕೊಂಡ.

ಕೋವಿಯ ಮುಂದೆ ಬರುವವನಿಗಿಂತ ದೊಡ್ಡ ಮೂರ್ಖ ಕೊಡಗಿನಲ್ಲಿ ಇಲ್ಲ. ಪೊನ್ನಪ್ಪ ಕೋವಿಯ ಕುದುರೆಯ ಮೇಲಿಂದ ಬೆರಳನ್ನು ಸಟ್ಟನೆ ತೆಗೆದ, ಮುಖ ಬೂದಿಯಾಯಿತು. ಬೋಜಪ್ಪನವರು ಗಂಗಣ್ಣನ ರಟ್ಟೆ ಹಿಡಿದು ಪಕ್ಕಕ್ಕೆಳೆದು, ಇಡೀ ಅಂಗಳಕ್ಕೆ ಕೇಳುವಂತೆ, "ನಿನಗೆ ಬುದ್ಧಿ ಉಂಟಾ?" ಎಂದರು. ಅವರು ಅವನಿಗೆ ನೀನು ಎಂದದ್ದು ಅದೇ ಮೊದಲು.

"ಒಳಗೆ ಬಟ್ಟೆ ಇದೆ."

"ಎಂಥ ಬಟ್ಟೆ?"

ಹೆಂಗಸರ ಸಾಲಿನಲ್ಲಿ ವಿಶಾಲಾಕ್ಷಮ್ಮ ನಿಂತಿದ್ದಳು. ಅವಳ ಹಿಂದೆ, ಬುಟ್ಟಿಯ ಪಕ್ಕ, ಮುತ್ತಿ. ಗಂಗಣ್ಣ ಇಬ್ಬರನ್ನೂ ನೋಡದೆ, ಒದ್ದೆ ಚಪ್ಪಲಿಯನ್ನು ನೋಡುತ್ತಾ ಹೇಳಿದ. "ಲಿಂಗದ ಪಾವುಡ. ನಮ್ಮಪ್ಪಂದು. ನಾನೇ ತುರುಕಿದ್ದು. ಬರ್ಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಪೊನ್ನಪ್ಪ ತೋಟಾ ತೆಗೆದು, ಬೋಲ್ಟು ಕಳಚಿ, ಆಕಾಶಕ್ಕೆ ಹಿಡಿದು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ರೈಫಲ್ಲನ್ನು ಅಣ್ಣನ ಕೈಗೆ ಕೊಟ್ಟು, ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತು, ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಬೋಜಪ್ಪನವರು ಅಜ್ಜನ ಕೋವಿಯ ಕಬ್ಬಿಣದ ಸರಳನ್ನು ತರಿಸಿದರು, ಒಲೆಯ ಮೇಲಿನ ಕುದಿನೀರು ತರಿಸಿದರು. "ಯಾವ ಕಡೆಯಿಂದ ನೂಕಿದ್ರಿ?" ಎಂದು ಕೇಳಿದರು. ನೀವು ಎಂಬ ಬಹುವಚನ ಮತ್ತೆ ಬಂದಿತ್ತು. "ಹಿಂದಿನಿಂದ" ಎಂದ ಗಂಗಣ್ಣ. "ಹೋದ ದಾರೀಲೇ ವಾಪಸ್ ಬರ್ಬೇಕಲ್ವಾ ಅದು?" ಎಂದು ಅವರು ಬಾಯಿಯ ಕಡೆಯಿಂದ ಸರಳಿಟ್ಟು ಮರದ ಕೊಡತಿಯಿಂದ ತಟ್ಟತೊಡಗಿದರು. ಇಷ್ಟು ಸುಲಭದ್ದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಗಂಗಣ್ಣ ಕೇಳಿಕೊಂಡ. ಕೊನೆಗೆ ಹಿಂಬದಿಯಿಂದ ಕರಿಯ ಮುದ್ದೆಯೊಂದು ಬಾಳೆಲೆಯ ಮೇಲೆ ಬಿತ್ತು. ಬೋಜಪ್ಪನವರು ಅದನ್ನು ಮುಟ್ಟಲಿಲ್ಲ. "ಅಮ್ಮ, ದೇವರ ಬಟ್ಟೆ. ನಾವು ಹಂದಿ ಮುಟ್ಟಿದ ಕೈ. ನೀವೇ ತಗೊಳ್ಳಿ" ಎಂದು ಹಿಂದೆ ಸರಿದರು.

ವಿಶಾಲಾಕ್ಷಮ್ಮ ಬಂದು ಎತ್ತಿಕೊಂಡಳು. ಬಿಡಿಸಿದಳು. ಮಡಿಕೆಯೊಳಗೆ ಅಂಗೈಯಗಲ ಜಾಗ ಇನ್ನೂ ಬೆಳ್ಳಗಿತ್ತು. ಗಂಡನ ಕಡೆ ತಿರುಗದೆ ನೇರ ಮುತ್ತಿಯ ಹತ್ತಿರ ಹೋಗಿ, "ಸಿಕ್ತು ಕಣೇ. ನಿನ್ನ ಮೇಲೆ ಹೊರಿಸಿದ್ದು ನನ್ನ ತಪ್ಪು" ಎಂದಳು. ಮುತ್ತಿ ಬಟ್ಟೆಯನ್ನು ನೋಡಿದಳು. ತನ್ನ ಉಗುರಿನ ಸಂದಿಯನ್ನು ನೋಡಿಕೊಂಡಳು. ಆಮೇಲೆ ಗಂಗಣ್ಣನನ್ನು ನೋಡಿ, ಸಿಟ್ಟಿಲ್ಲದೆ, ತಿಳಿಯಲೆಂದೇ ಕೇಳುವವಳ ಹಾಗೆ ಕೇಳಿದಳು.

"ಅಯ್ಯಾ, ನೀವು ದಿನಾ ಕಿಟಕೀಲಿ ಇದ್ರಲ್ಲ. ತಿಪ್ಪೇಲಿಲ್ಲ ಕಣೇ ಅಂತ ಅಷ್ಟಾದ್ರೂ ಹೇಳ್ಬೋದಿತ್ತು."

ಅವಳಿಗೆ ಗೊತ್ತಿತ್ತು. ಕಿಟಕಿ ಎಳೆದುಕೊಂಡದ್ದೂ ಗೊತ್ತಿತ್ತು. ಗಂಗಣ್ಣನ ಮನಸ್ಸು ಈ ಸಲ ತಮಾಷೆ ಮಾಡಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಸುಟ್ಟಿತು, ಅಷ್ಟೆ.

ಬೋಜಪ್ಪನವರು ನಳಿಗೆಯೊಳಗೆ ನೋಡಿ, ಗಂಗಣ್ಣನಿಗೂ ನೋಡಲು ಕೊಟ್ಟರು. ಏಲಕ್ಕಿ ಕಾಳಿನಷ್ಟು ಬೆಳಕು, ಮೊದಲಿನ ಹಾಗೆಯೇ. ಅದನ್ನು ನೋಡಿದರೂ ಏನೂ ಅನಿಸಲಿಲ್ಲ. "ಮೊದಲ ಗುಂಡು ನಿಮ್ಮದು ಅಂತ ಹೇಳಿದ್ದೆ. ಕೈಲ್‌ಮುಹೂರ್ತದ ಮಾತು ತಪ್ಪಬಾರ್ದು. ಹೊಡೀರಿ" ಎಂದರು ಅವರು. ಹೆಗಲ ನೋವಿನ ಮಾತು ಯಾರೂ ಎತ್ತಲಿಲ್ಲ. ಗಂಗಣ್ಣ ತೋಟಾ ಹಾಕಿ, ಆನಿಸಿ, ಈ ಸಲ ಕಣ್ಣು ಮುಚ್ಚದೆ ಹೊಡೆದ. ತೆಂಗಿನಕಾಯಿ ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಇನ್ನೆಲ್ಲೋ ಒಂದು ಎಲೆ ಸುತ್ತಿ ಸುತ್ತಿ ಕೆಳಗಿಳಿಯಿತು. ಆಮೇಲೆ ಪೊನ್ನಪ್ಪ ಮೆಟ್ಟಿಲಿನಿಂದ ಎದ್ದು ಬಂದು ತನ್ನ ಕೋವಿಯಿಂದ ಒಂದೇ ಗುಂಡಿಗೆ ಕಾಯಿ ಒಡೆದ. ಜನರಿಗೆ ಮತ್ತೆ ಮಾತು ಬಂತು, ಇನ್ನೊಂದು ಕಾಯಿ ಕಟ್ಟಲು ಯಾರೋ ಮರ ಹತ್ತಿದರು.

ಗಂಗಣ್ಣ ಅಂಗಳದ ಬದಿಯ ಕಲ್ಲಿನ ಮೇಲೆ ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂದು ಹೊಡೀರಿ, ಒಂದು ತೊಳೀರಿ. ಉಳಿದ ಕುದಿನೀರು ಪಕ್ಕದಲ್ಲೇ ಇತ್ತು, ಸರಳೂ ಇತ್ತು. ಬಟ್ಟೆ ಇರಲಿಲ್ಲ. ಕೇಳಲು ಯಾರ ಮುಖವನ್ನೂ ನೋಡಲಾಗದೆ ತನ್ನ ಅಂಗಿಯ ಚುಂಗನ್ನು ಹಿಡಿದುಕೊಂಡಿದ್ದ. ಎದುರಿಗೆ ಯಾರೋ ಬಂದು ನಿಂತರು. ವಿಶಾಲಾಕ್ಷಮ್ಮ. ಅವಳು ಪಾವುಡವನ್ನು ಅವನ ಮಡಿಲಿಗೆ ಹಾಕಿದಳು.

"ಇದ್ರಲ್ಲೇ ಒರೆಸಿ. ಇನ್ನು ಇದು ಬೇರೆ ಯಾವ್ದಕ್ಕೂ ಬರಲ್ಲ." ಹೊರಟವಳು ನಿಂತು, "ಈ ಸಲ ಹರಿದ್ಕೊಳ್ಳಿ" ಎಂದಳು.

ಮುತ್ತಿ ಬುಟ್ಟಿ ಎತ್ತಿಕೊಳ್ಳುತ್ತಾ ಅತ್ತಲೇ ನೋಡುತ್ತಿದ್ದಳು. ಗಂಗಣ್ಣ ಎರಡು ತುದಿ ಹಿಡಿದ. ಅಪ್ಪ ದಿನಾ ಬೆಳಿಗ್ಗೆ ಬಿಡಿಸಿ ಮಡಿಚಿ ಬಿಡಿಸಿ ಮಡಿಚಿ ಸವೆಸಿದ ಬಟ್ಟೆ, ಬಲ ಹಾಕಬೇಕಾಗಿಯೇ ಇರಲಿಲ್ಲ. ಬೆಳ್ಳಗೆ ಉಳಿದಿದ್ದ ಜಾಗದಲ್ಲಿ ಅದು ಸುಲಭವಾಗಿ ಹರಿಯಿತು.